ತೂಕ ಇಳಿಯಿತು, ಇನ್ನು ಗುರಿ ಯಾವುದು?

30 ಕಿಲೋ ಇಳಿಸಿದ ಮೇಲೂ ನನ್ನ ಕಣ್ಣು ತೂಕದ ಯಂತ್ರದ ಮೇಲೇ ಇತ್ತು. ವಾರಕ್ಕೊಮ್ಮೆ ನೋಡಿದರೆ ಸಾಕು. ಒಂದೆರಡು ಕಿಲೋ ಏರಿಳಿದರೆ ಗಾಬರಿ ಬೇಡ, ಬಹುಪಾಲು ನೀರಿನದೇ ಆಟ. ಈಗ ದೇಹ ಏನು ಮಾಡಬಲ್ಲದು ಅನ್ನುವುದೇ ಗುರಿಯಾಗಲಿ.

ನಮ್ಮ ಪುಣೆಯಲ್ಲಿ ಪರ್ವತಿ ಬೆಟ್ಟ ಇದೆ ಅಲ್ವಾ, 103 ಅಗಲವಾದ ಕಲ್ಲು ಮೆಟ್ಟಿಲು, ಎಷ್ಟನೇ ಮೆಟ್ಟಿಲಲ್ಲಿ ಏದುಸಿರು ಬಂದು ನಿಂತಿರೋ ಅದನ್ನು ಬರೆದಿಡಿ, ಆರು ವಾರದಲ್ಲಿ ನಿಲ್ಲದೆ ಹತ್ತುವುದು ಮೊದಲ ಗುರಿ. ಊರಾಚೆಯ ಸಿಂಹಗಡ ಕೋಟೆ ಬೆಟ್ಟ ಆಮೇಲೆ.

ಕೊಬ್ಬಿನ ಜೊತೆ ಸ್ನಾಯುವೂ ಕರಗಿರುತ್ತದೆ. ಸುಮ್ನೆ ನಡೆದರೆ ಸಾಲದು. ವಾರಕ್ಕೆ 150 ನಿಮಿಷ ಚುರುಕು ನಡಿಗೆ, ಎರಡು ದಿನ ಸ್ಕ್ವಾಟ್, ಪುಶ್‌ಅಪ್ ಬೇಕೇ ಬೇಕು. ತಟ್ಟೆಯಲ್ಲಿ ಮೊಳಕೆ ಕಾಳು, ಮೊಟ್ಟೆ, ಮೊಸರು ಜಾಸ್ತಿ ಇರಲಿ. ತಲೆ ಸುತ್ತಿದರೆ ಹಟ ಬೇಡ, ಡಾಕ್ಟರಿಗೆ ತೋರಿಸಿ.