ನಾಯಿಗೆ ಹೃದಯಹುಳು ಬರದಂತೆ ಮಾತ್ರೆ ಕೊಡುವ ಕ್ರಮ

"ಮೂರು ತಿಂಗಳಿಗೊಮ್ಮೆ ಜಂತುಹುಳುವಿನ ಮಾತ್ರೆ ಹಾಕ್ತಾ ಇದ್ದೀವಲ್ಲ ಡಾಕ್ಟ್ರೇ, ಅದು ಸಾಲದಾ?" ಪಶುವೈದ್ಯರ ಎದುರು ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಸಾಲದು. ಪ್ರಾಜಿಕ್ವಾಂಟೆಲ್, ಪೈರಾಂಟೆಲ್, ಫೆಬಾಂಟೆಲ್ ಸೇರಿಸಿದ ಆ ಮಾತ್ರೆ ಕರುಳಿನ ಹುಳುಗಳಿಗೆ ಮಾತ್ರ. ಹೃದಯಹುಳು ಕರುಳಿನ ಕಡೆ ಸುಳಿಯುವುದೇ ಇಲ್ಲ. ಅದು ಬರುವುದು ಸೊಳ್ಳೆಯಿಂದ, ಸೇರುವುದು ರಕ್ತನಾಳವನ್ನು.

ಸೋಂಕಿರುವ ನಾಯಿಯ ರಕ್ತ ಹೀರಿದ ಸೊಳ್ಳೆಯೊಳಗೆ ಹುಳುವಿನ ಮರಿಗಳು ಬೆಚ್ಚಗಿನ ಹವೆಯಲ್ಲಿ ಎರಡು ವಾರದೊಳಗೆ ಬಲಿಯುತ್ತವೆ. ಅದೇ ಸೊಳ್ಳೆ ಇನ್ನೊಂದು ನಾಯಿಗೆ ಕಚ್ಚಿದಾಗ ಆ ಗಾಯದ ದಾರಿಯಲ್ಲೇ ಒಳಗಿಳಿಯುತ್ತವೆ. ಸುಮಾರು ಎರಡು ತಿಂಗಳು ಚರ್ಮದಡಿ, ಮಾಂಸಖಂಡದಲ್ಲಿ ಬೆಳೆದು, 70ನೇ ದಿನದ ಹೊತ್ತಿಗೆ ಶ್ವಾಸಕೋಶದ ರಕ್ತನಾಳ ತಲುಪಲು ಶುರುಮಾಡುತ್ತವೆ. ಬಲಿತ ಹೆಣ್ಣು ಹುಳು 25ರಿಂದ 30 ಸೆಂ.ಮೀ. ಉದ್ದ, ಬೇಯಿಸಿದ ಶ್ಯಾವಿಗೆಯ ಎಳೆಯ ಹಾಗೆ. 5ರಿಂದ 7 ವರ್ಷ ಬದುಕುತ್ತದೆ.

ಮಾತ್ರೆಯ ಕೆಲಸ ಈ ಮೊದಲ ಎರಡು ತಿಂಗಳಿನಲ್ಲಿದೆ. ಬಹಳ ಜನ ಅದನ್ನು ಲಸಿಕೆಯ ಹಾಗೆ ಮುಂದಿನ ತಿಂಗಳಿನ ಕಾವಲು ಅಂದುಕೊಳ್ಳುತ್ತಾರೆ. ಸಾಮಾನ್ಯ ತಿಂಗಳ ಮಾತ್ರೆ ಹಿಂದಿನ ತಿಂಗಳನ್ನು ಗುಡಿಸುತ್ತದೆ: ಕಳೆದ 30 ದಿನಗಳಲ್ಲಿ ಒಳಸೇರಿದ ಎಳೆಯ ಮರಿಗಳನ್ನು ಕೊಲ್ಲುತ್ತದೆ. ಬಲಿತ ಹುಳುವಿಗೆ ನಾಟುವುದಿಲ್ಲ. ಹಾಗಾಗಿ ಒಂದು ಮಾತ್ರೆ ತಪ್ಪಿದರೆ ಆ ತಿಂಗಳ ಮರಿಗಳು ಮಾತ್ರೆಯ ಕೈಗೆ ಸಿಗದಷ್ಟು ದೊಡ್ಡವಾಗಿಬಿಡಬಹುದು.

ಭಾರತದಲ್ಲಿ ಈ ಹುಳುವಿನ ಹಾವಳಿ ಹೆಚ್ಚು ಕಂಡಿರುವುದು ಅಸ್ಸಾಂ, ಮಿಜೋರಾಂನಂಥ ಈಶಾನ್ಯ ರಾಜ್ಯಗಳಲ್ಲಿ. ಕೇರಳ ಮತ್ತು ನಮ್ಮ ಕರಾವಳಿಯಲ್ಲಿ ಇದರ ದಾಯಾದಿ, ಡೈರೋಫೈಲೇರಿಯಾ ರೆಪೆನ್ಸ್ ಎಂಬ ಚರ್ಮದಡಿಯ ಹುಳು ಇದೆ; ಮನುಷ್ಯರ ಕಣ್ಣಿನ ಬಿಳಿಭಾಗದ ಮೇಲಿನ ತೆಳುಪದರದ ಅಡಿಯಿಂದಲೂ ಅದನ್ನು ತೆಗೆದ ಉದಾಹರಣೆಗಳಿವೆ. ಎರಡನ್ನೂ ಹರಡುವುದು ಸೊಳ್ಳೆಯೇ. ಈಶಾನ್ಯಕ್ಕೆ ವರ್ಗವಾಗಿ ನಾಯಿಯ ಜೊತೆ ಹೋಗುವವರು, ಅಲ್ಲಿಂದ ನಾಯಿ ತರುವವರು ಮುಂದಿನದನ್ನು ಇನ್ನಷ್ಟು ಗಮನವಿಟ್ಟು ಓದಿ.

ಹಂತ 1: ಮೊದಲು ರಕ್ತಪರೀಕ್ಷೆ

ಏಳು ತಿಂಗಳು ದಾಟಿದ ನಾಯಿಗೆ ಪರೀಕ್ಷೆಯಿಲ್ಲದೆ ಮಾತ್ರೆ ಶುರುಮಾಡಬೇಡಿ. ರಕ್ತದಲ್ಲಿ ಮರಿಗಳು ತುಂಬಿರುವಾಗ ಮಿಲ್ಬೆಮೈಸಿನ್‌ನಂಥ ಔಷಧ ಬಿದ್ದರೆ ಅವು ಒಮ್ಮೆಲೇ ಸತ್ತು ನಾಯಿ ಆಘಾತಕ್ಕೆ ಹೋಗಬಹುದು. ಆ್ಯಂಟಿಜನ್ ಪರೀಕ್ಷೆ ಬಲಿತ ಹೆಣ್ಣು ಹುಳುವನ್ನು ಹಿಡಿಯುತ್ತದೆ. ಜೊತೆಗೆ ಸೂಕ್ಷ್ಮದರ್ಶಕದಲ್ಲಿ ರಕ್ತದ ಮರಿಗಳನ್ನೂ ನೋಡಿಸಿ, ರೆಪೆನ್ಸ್ ಇದ್ದರೆ ಅಲ್ಲಿ ಸಿಗುತ್ತದೆ. ಒಂದೇ ಹನಿ ಗಾಜಿನ ಮೇಲೆ ಸವರಿ ನೋಡುವುದು ಸಾಲದು. 1 ಮಿ.ಲೀ. ರಕ್ತಕ್ಕೆ 9 ಮಿ.ಲೀ. ಶೇ 2ರ ಫಾರ್ಮಲಿನ್ ಬೆರೆಸಿ, ಗಿರಗಿರ ತಿರುಗಿಸಿ, ತಳದ ಗಸಿ ನೋಡುವ ನಾಟ್ ವಿಧಾನ ಮಾಡಲು ಕೇಳಿ.

ನಾಯಿಮರಿಗಳಿಗೆ ಪರೀಕ್ಷೆ ಬೇಡ. 8 ವಾರ ತುಂಬುವುದರೊಳಗೆ ಮಾತ್ರೆ ಆರಂಭಿಸಿ, ಆರು ತಿಂಗಳ ನಂತರ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಪರೀಕ್ಷಿಸಿ.

ಹಂತ 2: ತೂಕ

ನೀವು ನಾಯಿಯನ್ನೆತ್ತಿಕೊಂಡು ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೆಯಿರಿ. ಲ್ಯಾಬ್ರಡಾರ್ ಮರಿಯಾದರೆ ಪ್ರತಿ ತಿಂಗಳೂ ತೂಗಿ. ಕಳೆದ ತಿಂಗಳ ಅಳತೆಯ ಮಾತ್ರೆ ಈ ತಿಂಗಳಿಗೆ ಕಡಿಮೆಯಾಗಿರುತ್ತದೆ.

ಹಂತ 3: ಡಬ್ಬಿಯ ಮೇಲಿನ ಹೆಸರು ಓದಿ

ಅಂಗಡಿಯವರು "ಎಲ್ಲದಕ್ಕೂ ಇದೇ" ಎಂದು ಕೊಡುವ ಜಗಿಯುವ ಮಾತ್ರೆ ಬಹಳ ಸಲ ಉಣ್ಣೆ, ಚಿಗಟಕ್ಕೆ ಮಾತ್ರ. ಫ್ಲುರಾಲನರ್, ಅಫಾಕ್ಸೊಲನರ್, ಸರೋಲನರ್: ಇವು ಒಂಟಿಯಾಗಿದ್ದರೆ ಹೃದಯಹುಳುವಿಗೆ ಏನೂ ಮಾಡವು. ನಿಮಗೆ ಬೇಕಾದ್ದು ಐವರ್‌ಮೆಕ್ಟಿನ್, ಮಿಲ್ಬೆಮೈಸಿನ್ ಆಕ್ಸೈಮ್, ಮಾಕ್ಸಿಡೆಕ್ಟಿನ್, ಸೆಲಮೆಕ್ಟಿನ್, ಈ ನಾಲ್ಕರಲ್ಲಿ ಒಂದು. ಒಂದೇ ಬ್ರ್ಯಾಂಡಿನಲ್ಲಿ ಇದಿರುವ ಡಬ್ಬಿಯೂ ಇಲ್ಲದ ಡಬ್ಬಿಯೂ ಇರುತ್ತವೆ. ಹಿಂಬದಿಯ ಸಣ್ಣ ಅಕ್ಷರವನ್ನೇ ನಂಬಿ. ಕತ್ತಿನ ಹಿಂದೆ ಹಚ್ಚುವ ಹನಿಯೂ ಬಾಯಿಗೆ ಹಾಕುವ ಮಾತ್ರೆಯಷ್ಟೇ ಕೆಲಸ ಮಾಡುತ್ತದೆ. ಹನಿ ಹಚ್ಚಿದ ಮೇಲೆ ಅದು ಒಣಗುವವರೆಗೆ ಕೆಲವು ಗಂಟೆ ನಾಯಿ ಮಳೆಯಲ್ಲಿ ನೆನೆಯದಂತೆ ನೋಡಿಕೊಳ್ಳಿ, ಸ್ನಾನ ಮಾಡಿಸಬೇಡಿ.

ಇನ್ನೊಂದು ಅಡ್ಡದಾರಿ ಹಳ್ಳಿ, ಪೇಟೆ ಎರಡೂ ಕಡೆ ಇದೆ: ದನಕ್ಕೆ ಕೊಡುವ ಶೇ 1ರ ಐವರ್‌ಮೆಕ್ಟಿನ್ ಚುಚ್ಚುಮದ್ದನ್ನು ನಾಯಿಗೆ ಬಳಸುವುದು. ಲೆಕ್ಕ ನೋಡಿ. ಹೃದಯಹುಳು ತಡೆಯಲು ಬೇಕಾದ್ದು ಕೆ.ಜಿ.ಗೆ 6 ಮೈಕ್ರೋಗ್ರಾಂ, ಅಂದರೆ 10 ಕೆ.ಜಿ. ನಾಯಿಗೆ 60. ಆ ದ್ರಾವಣದ ಪ್ರತಿ ಮಿ.ಲೀ.ನಲ್ಲಿ 10,000 ಮೈಕ್ರೋಗ್ರಾಂ ಇದೆ. ಅಲ್ಲಿಗೆ ಬೇಕಾದ್ದು 0.006 ಮಿ.ಲೀ.; ಇನ್ಸುಲಿನ್ ಸಿರಿಂಜಿನ ಅತಿ ಸಣ್ಣ ಗೆರೆಯೇ 0.01. ಕಣ್ಣಂದಾಜಿನಲ್ಲಿ 0.2 ಎಳೆದರೆ ಮೂವತ್ತಮೂರು ಪಟ್ಟು ಜಾಸ್ತಿ. ಕಾಲಿ, ಶೆಟ್‌ಲ್ಯಾಂಡ್ ಶೀಪ್‌ಡಾಗ್, ಆಸ್ಟ್ರೇಲಿಯನ್ ಶೆಫರ್ಡ್ ತಳಿಗಳಲ್ಲಿ ಹಲವಕ್ಕೆ ಇದನ್ನು ಮಿದುಳಿನಿಂದ ಆಚೆ ತಳ್ಳುವ ಜೀನ್ ಕೆಟ್ಟಿರುತ್ತದೆ. ಅಂಥ ನಾಯಿ ಜೊಲ್ಲು ಸುರಿಸಿ, ತೂರಾಡಿ, ಕಣ್ಣು ಕಾಣದೆ ಪ್ರಜ್ಞೆ ತಪ್ಪುತ್ತದೆ. ದಯವಿಟ್ಟು ಬೇಡ.

ಬೆಳ್ಳುಳ್ಳಿಯೂ ಬೇಡ. ಹುಳುವಿಗೆ ಏನೂ ಆಗುವುದಿಲ್ಲ, ನಾಯಿಯ ಕೆಂಪು ರಕ್ತಕಣ ಒಡೆಯುತ್ತದೆ.

ಹಂತ 4: ಹೊಟ್ಟೆಗೆ ಸೇರಿತೇ?

ಎಡವುವುದು ಇಲ್ಲೇ. ಮಾತ್ರೆಯನ್ನು ಅನ್ನದ ತಟ್ಟೆಯಲ್ಲಿ ಹಾಕಿ ಒಳಗೆ ಹೋಗುತ್ತಾರೆ. ನಾಯಿ ಅನ್ನವನ್ನೆಲ್ಲ ನೆಕ್ಕಿ ಮಾತ್ರೆಯನ್ನು ಮಾತ್ರ ಬಿಡುತ್ತದೆ, ಇಲ್ಲವೇ ದವಡೆಯಲ್ಲಿ ಇಟ್ಟುಕೊಂಡು ಹೋಗಿ ಸೋಫಾದ ಸಂದಿಯಲ್ಲಿ ಉಗುಳುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಬಿದ್ದಿರುತ್ತದೆ, ಮರಿಹುಳು ಬೆಳೆಯುತ್ತಿರುತ್ತದೆ.

ಹಸಿದಿರುವಾಗ, ಊಟಕ್ಕೆ ಸ್ವಲ್ಪ ಮೊದಲು ಕೊಡಿ. ರಾಗಿಮುದ್ದೆಯ ನೆಲ್ಲಿಕಾಯಿ ಗಾತ್ರದ ಮೂರು ಉಂಡೆ ಮಾಡಿಕೊಳ್ಳಿ. ಮೊದಲನೆಯದು ಬರಿದು, ಎರಡನೆಯದರಲ್ಲಿ ಮಾತ್ರೆ, ಮೂರನೆಯದು ಮತ್ತೆ ಬರಿದು. ಎರಡನೆಯದು ಬಾಯಿಗೆ ಬಿದ್ದ ಕ್ಷಣವೇ ಮೂರನೆಯದನ್ನು ಮೂಗಿನ ಮುಂದೆ ಹಿಡಿಯಿರಿ. ಅದರ ಆಸೆಗೆ ಬಾಯಲ್ಲಿರುವುದನ್ನು ನುಂಗಿಬಿಡುತ್ತದೆ. ಮುದ್ದೆ ಬಿಸಿ ಇರಬಾರದು, ಮಾತ್ರೆ ಮುಟ್ಟಿದ ಬೆರಳಿನಿಂದ ಬೇರೆ ಉಂಡೆ ಕಟ್ಟಬಾರದು. ವಾಸನೆಗೇ ಅನುಮಾನ ಬರುತ್ತದೆ.

ಹಟಮಾರಿಗೆ ಕೈಯಿಂದಲೇ ಹಾಕಬೇಕು. ಎಡಗೈಯಿಂದ ಮೇಲಿನ ದವಡೆ ಹಿಡಿದು ಮೂಗು ಮೇಲೆ ಮಾಡಿ, ಬಲಗೈಯ ನಡುಬೆರಳಿನಿಂದ ಕೆಳದವಡೆ ಒತ್ತಿ, ಮಾತ್ರೆಯನ್ನು ನಾಲಿಗೆಯ ಬುಡದಲ್ಲಿ ಇಡಿ. ತುದಿಯಲ್ಲಿಟ್ಟರೆ ಹೊರಗೆ ಬರುತ್ತದೆ. ಬಾಯಿ ಮುಚ್ಚಿ ಹಿಡಿದು ಗಂಟಲನ್ನು ಮೇಲಿನಿಂದ ಕೆಳಕ್ಕೆ ಸವರಿ. ನಾಯಿ ಮೂಗು ನೆಕ್ಕಿಕೊಂಡರೆ ನುಂಗಿತು ಎಂದರ್ಥ. ಕೆನ್ನೆಯ ಒಳಗೆ ಬೆರಳಾಡಿಸಿ ನೋಡಿ.

ಎರಡು ಗಂಟೆ ಕಣ್ಣಿಟ್ಟಿರಿ. ವಾಂತಿಯಾಗಿ ಮಾತ್ರೆ ಬಿದ್ದರೆ ವೈದ್ಯರಿಗೆ ಫೋನ್ ಮಾಡಿ, ಸಾಮಾನ್ಯವಾಗಿ ಮತ್ತೊಂದು ಕೊಡಲು ಹೇಳುತ್ತಾರೆ. ಮನೆಯಲ್ಲಿ ಎರಡು ನಾಯಿಗಳಿದ್ದರೆ ಬೇರೆ ಬೇರೆ ಕೋಣೆ.

ದಿನಾಂಕವನ್ನು ಕರೆಂಟ್ ಬಿಲ್ಲಿನ ಜೊತೆಗೋ ಸಂಬಳದ ದಿನಕ್ಕೋ ಗಂಟು ಹಾಕಿ. ಅಮಾವಾಸ್ಯೆ ಪಾಲಿಸುವ ಮನೆಯಾದರೆ ಅದಕ್ಕಿಂತ ಒಳ್ಳೆಯ ಅಲಾರಂ ಇಲ್ಲ: ಎರಡು ಅಮಾವಾಸ್ಯೆಗಳ ನಡುವೆ 29 ಅಥವಾ 30 ದಿನ. ಚಳಿಗಾಲದಲ್ಲಿ ಬಿಡಬೇಡಿ. 14 ಡಿಗ್ರಿಗಿಂತ ತಣ್ಣಗಾದರೆ ಸೊಳ್ಳೆಯೊಳಗೆ ಮರಿ ಬೆಳೆಯುವುದು ನಿಲ್ಲುತ್ತದೆ, ಆದರೆ ನಮ್ಮ ಡಿಸೆಂಬರ್ ಹಗಲುಗಳು ಅಷ್ಟು ತಣ್ಣಗಿರುವುದಿಲ್ಲ. ಅಮೆರಿಕನ್ ಹಾರ್ಟ್‌ವರ್ಮ್ ಸೊಸೈಟಿ ಹೇಳುವುದೂ 12 ತಿಂಗಳೂ ಕೊಡಿ ಎಂದೇ.

ತಪ್ಪಿಹೋದರೆ

ನೆನಪಾದ ದಿನವೇ ಕೊಡಿ, ಮುಂದಿನ ಅಮಾವಾಸ್ಯೆಗೆ ಕಾಯಬೇಡಿ. ಎರಡು ಮಾತ್ರೆ ಒಟ್ಟಿಗೆ ಕೊಟ್ಟರೆ ಹಿಂದಿನದು ಸರಿಹೋಗುವುದಿಲ್ಲ. ಹಿಂದಿನ ಮಾತ್ರೆಯಾಗಿ ಎರಡು ತಿಂಗಳು ಕಳೆದಿದ್ದರೆ ವೈದ್ಯರಿಗೆ ತಿಳಿಸಿ, ಈಗೊಮ್ಮೆ, ಏಳು ತಿಂಗಳ ಬಳಿಕ ಮತ್ತೊಮ್ಮೆ ಪರೀಕ್ಷೆ ಮಾಡಿಸಿ. ಮುಂದಿನ ತಿಂಗಳೇ ಮಾಡಿಸಿದರೆ ಹುಳು ಇದ್ದರೂ ಇಲ್ಲವೆಂದೇ ಬರುತ್ತದೆ. ಅರ್ಧ ವರ್ಷ ಬಿಟ್ಟುಹೋಗಿದ್ದರೆ ಹಂತ 1ರಿಂದ ಶುರು.

ಸೊಳ್ಳೆ

ಮೊಟ್ಟೆ ಸೊಳ್ಳೆಯಾಗಲು ವಾರ, ಹತ್ತು ದಿನ. ವಾರಕ್ಕೊಮ್ಮೆ ಹೂಕುಂಡದ ತಟ್ಟೆ, ತೋಟದ ಅಡಿಕೆ ಹಾಳೆ, ಚಿಪ್ಪು, ರಬ್ಬರ್ ಬಟ್ಟಲು ಬೋರಲು ಹಾಕಿ. ಸಂಜೆ ನಾಯಿಯನ್ನು ಒಳಗೆ ಕರೆದುಕೊಳ್ಳಿ. ಪರ್ಮೆಥ್ರಿನ್ ಇರುವ ಹನಿ ಸೊಳ್ಳೆಯನ್ನು ದೂರವಿಡುತ್ತದೆ, ಆದರೆ ಮನೆಯಲ್ಲಿ ಬೆಕ್ಕಿದ್ದರೆ ಅದನ್ನು ತರಲೇಬೇಡಿ. ಬೆಕ್ಕಿಗೆ ಅದು ವಿಷ. ಇದ್ಯಾವುದೂ ಮಾತ್ರೆಯ ಬದಲಿಯಲ್ಲ.

ಪಾಸಿಟಿವ್ ಬಂದರೆ

ಬಲಿತ ಹುಳು ಕೊಲ್ಲುವ ಮೆಲಾರ್ಸೊಮಿನ್ ನಮ್ಮಲ್ಲಿ ಸುಲಭವಾಗಿ ಸಿಗುವುದಿಲ್ಲ. ಸಿಕ್ಕರೂ ನಾಲ್ಕು ವಾರ ಡಾಕ್ಸಿಸೈಕ್ಲಿನ್ ಕೊಟ್ಟು, ಬಿಡುವು ಬಿಟ್ಟು, ಸೊಂಟದ ಆಳದ ಮಾಂಸಕ್ಕೆ ಮೂರು ಸಲ ಚುಚ್ಚಬೇಕು. ವೈದ್ಯರು ಯಾವ ದಾರಿ ಹಿಡಿದರೂ ನಿಮ್ಮ ಪಾಲಿನ ಕೆಲಸ ಒಂದೇ: ನಾಯಿಯನ್ನು ಓಡಲು ಬಿಡದಿರುವುದು. ಓಡಿದಷ್ಟೂ ಸತ್ತ ಹುಳುವಿನ ತುಂಡುಗಳು ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಳ್ಳುವ ಅಪಾಯ. ಚೆಂಡು ಎತ್ತಿಡಿ, ಮೆಟ್ಟಿಲಿಗೆ ಅಡ್ಡ ಹಾಕಿ, ಮೂತ್ರಕ್ಕೂ ಹಗ್ಗ ಹಿಡಿದೇ ಕರೆದೊಯ್ದು ಹಾಗೇ ವಾಪಸ್ ಕರೆತನ್ನಿ.