ನಗಿಸೋಕೆ ಬರುತ್ತೆ ಸರಿ, ಕ್ಯಾಮೆರಾ ಮುಂದೆ ಹೋಗೋದು ಹೇಗೆ?

ಓಪನ್ ಮೈಕ್‌ನಲ್ಲಿ, ಅಂದರೆ ಯಾರು ಬೇಕಾದರೂ ಹತ್ತಿ ಸ್ಟ್ಯಾಂಡ್-ಅಪ್ (ಒಬ್ಬರೇ ನಿಂತು ನಗಿಸೋ ಹಾಸ್ಯ) ಮಾಡೋ ವೇದಿಕೆಯಲ್ಲಿ, ನಾಲ್ಕು ಸಲ ಜನ ಬಿದ್ದು ಬಿದ್ದು ನಕ್ಕರೆ ಸಾಕು, ಐದನೇ ದಿನ ತಲೆಯೊಳಗೆ ಸಿನಿಮಾ ಶುರುವಾಗುತ್ತದೆ. ಯಾರೋ ಡೈರೆಕ್ಟರ್ ಕೊನೆ ಸಾಲಲ್ಲಿ ಕೂತಿರುತ್ತಾರೆ, ಶೋ ಮುಗಿದ ಮೇಲೆ ಬಂದು ಹೆಗಲ ಮೇಲೆ ಕೈ ಹಾಕುತ್ತಾರೆ ಅಂತ. ಹಾಗೆ ಆಗೋದೇ ಇಲ್ಲ ಅಂತ ನಾನು ಹೇಳಲ್ಲ. ಆದರೆ ಅವರು ಬಂದ ದಿನ ನಿಮ್ಮ ಹತ್ತಿರ ಅವರಿಗೆ ಬೇಕಾದದ್ದು ಇರಬೇಕಲ್ಲ? ಅದನ್ನು ಹೇಗೆ ಮಾಡಿಟ್ಟುಕೊಳ್ಳಬೇಕು ಅನ್ನೋದಷ್ಟೇ ಇಲ್ಲಿ ಹೇಳುತ್ತೇನೆ.

ಮೊದಲೇ ಒಂದು ಮಾತು. ಟಿವಿಯವರಿಗೆ, ಸಿನಿಮಾದವರಿಗೆ ನಿಮ್ಮ ಜೋಕ್ ಬೇಕಾಗಿಲ್ಲ. ಜೋಕ್ ಬರೆಯೋಕೆ ಅವರ ಹತ್ತಿರ ಜನ ಇದ್ದಾರೆ. ಅವರು ಹುಡುಕೋದು ಆ ಜೋಕ್ ಹೇಳುತ್ತಿರುವ ಮನುಷ್ಯನನ್ನು. ಅಮೆರಿಕದ ಕಾಮಿಡಿಯನ್ ರೇ ರೊಮಾನೊ ಕಥೆ ನೋಡಿ. 1995ರಲ್ಲಿ 'ನ್ಯೂಸ್‌ರೇಡಿಯೊ' ಅನ್ನೋ ಹಾಸ್ಯ ಸರಣಿಗೆ ತಗೊಂಡು, ರಿಹರ್ಸಲ್ ಹೊತ್ತಿಗೇ ಅವರನ್ನು ಕೈಬಿಟ್ಟರು. ಅದೇ ವರ್ಷ ಡೇವಿಡ್ ಲೆಟರ್‌ಮನ್ ನಡೆಸುತ್ತಿದ್ದ ಟಿವಿ ಶೋದಲ್ಲಿ ನಿಂತು ತಮ್ಮ ಸ್ಟ್ಯಾಂಡ್-ಅಪ್ ಮಾಡಿದರು, ಲೆಟರ್‌ಮನ್ ಕಂಪನಿಯೇ ಅವರಿಗಾಗಿ ಒಂದು ಸರಣಿ ಮಾಡಲು ಮುಂದೆ ಬಂತು. ಅದೇ 'ಎವೆರಿಬಡಿ ಲವ್ಸ್ ರೇಮಂಡ್'. ಆ ಸರಣಿಯಲ್ಲಿ ಏನಿತ್ತು? ಅವಳಿ ಗಂಡುಮಕ್ಕಳು, ಒಬ್ಬಳು ಮಗಳು, ಪೊಲೀಸ್ ಕೆಲಸದ ಅಣ್ಣ. ರೊಮಾನೊ ಮನೆಯಲ್ಲೂ ಅವಳಿ ಗಂಡುಮಕ್ಕಳು, ಮಗಳು, ಪೊಲೀಸ್ ಕೆಲಸದ ಸಹೋದರ! ವೇದಿಕೆ ಮೇಲೆ ಗೊಣಗುತ್ತಿದ್ದ ಅದೇ ಅಪ್ಪನನ್ನು ಎತ್ತಿ ಒಂದು ಸೋಫಾ ಮೇಲೆ ಕೂರಿಸಿದರು, ಅಷ್ಟೇ. 1996ರಿಂದ 2005ರವರೆಗೆ 210 ಕಂತು ನಡೆಯಿತು.

ಹಾಗಾದರೆ ಆ ಮನುಷ್ಯ ಯಾರು ಅಂತ ಗೊತ್ತಾಗೋದು ಹೇಗೆ? ಶುರುವಿನಲ್ಲಿ ಯಾರಿಗೂ ಗೊತ್ತಿರಲ್ಲ. ಮುಂದೆ ತಮ್ಮದೇ ಹೆಸರಿನ ಟಿವಿ ಸರಣಿಯಿಂದ ಪ್ರಸಿದ್ಧರಾದ ಜೆರ್ರಿ ಸೈನ್‌ಫೆಲ್ಡ್ 1976ರಲ್ಲಿ ಮೊದಲ ಸಲ ಮೈಕ್ ಹಿಡಿದಾಗ ಬರೆದುಕೊಂಡದ್ದೆಲ್ಲ ಮರೆತುಹೋಗಿ, "ಬೀಚ್... ಡ್ರೈವಿಂಗ್... ಅಪ್ಪ-ಅಮ್ಮ..." ಅಂತ ಬರೀ ವಿಷಯಗಳ ಹೆಸರು ಹೇಳಿ ಇಳಿದುಬಂದರಂತೆ, ಇದನ್ನು ಅವರೇ ಹೇಳಿಕೊಂಡಿದ್ದಾರೆ. ಇನ್ನೊಬ್ಬ ಕಾಮಿಡಿಯನ್ ಕೆವಿನ್ ಹಾರ್ಟ್ ಶುರುವಿನಲ್ಲಿ ಹಾಸ್ಯನಟ ಕ್ರಿಸ್ ಟಕರ್ ಥರ ಮಾಡೋಕೆ ಹೋಗಿ ಬೈಸಿಕೊಂಡರು. ಜನರ ಮುಂದೆ ಇನ್ನೊಬ್ಬರ ದನಿ ಬೇಗ ಸೋತುಹೋಗುತ್ತದೆ. ಅವರು ತಮ್ಮದೇ ಗಿಡ್ಡ ದೇಹ, ತಮ್ಮದೇ ಭಯ, ತಮ್ಮದೇ ಮನೆಯ ಜಗಳ ಹೇಳೋಕೆ ಶುರು ಮಾಡಿದ ಮೇಲೆ ತಾನೇ ಜನ ಅವರ ಕಡೆ ತಿರುಗಿದ್ದು.

ನಾನು ಬಳಸುವ ಒಂದು ಪರೀಕ್ಷೆ ಇದೆ. ನಿಮ್ಮ ಅತ್ಯಂತ ಒಳ್ಳೆಯ ಜೋಕನ್ನು ಇನ್ನೊಬ್ಬ ಕಾಮಿಡಿಯನ್ ಗೆಳೆಯನಿಗೆ ಕೊಟ್ಟು ಹೇಳಿಸಿ. ಅವನಿಗೂ ಅಷ್ಟೇ ನಗೆ ಬಂದರೆ ಅದು ಒಳ್ಳೆ ಜೋಕ್, ಆದರೆ ನಿಮ್ಮದಲ್ಲ. ಅವನ ಬಾಯಲ್ಲಿ ಪೆಚ್ಚಾಗಿ ಬಿದ್ದು, ನಿಮ್ಮ ಬಾಯಲ್ಲಿ ಮಾತ್ರ ಓಡುತ್ತದೆ ಅಂದರೆ ಹಿಡಿದುಕೊಳ್ಳಿ, ಅಲ್ಲೇ ನೀವಿದ್ದೀರಿ. ಇನ್ನೊಂದು, ಪ್ರತಿ ಸೆಟ್, ಅಂದರೆ ವೇದಿಕೆ ಮೇಲೆ ಒಂದು ಸಲಕ್ಕೆ ಹೇಳೋದಷ್ಟನ್ನೂ, ಫೋನ್‌ನಲ್ಲಿ ರೆಕಾರ್ಡ್ ಮಾಡಿ, ಮರುದಿನ ಕೇಳಿ. ಕೇಳೋದು ಹಿಂಸೆ, ಗೊತ್ತು. ಎಲ್ಲಿ ನಕ್ಕರು ಅನ್ನೋದಕ್ಕಿಂತ, ಪಂಚ್ (ನಗೆ ಬರಿಸೋ ಕೊನೆ ಮಾತು) ಬರೋ ಮೊದಲೇ ಎಲ್ಲಿ ನಕ್ಕರು ಅಂತ ಗುರುತು ಹಾಕಿಕೊಳ್ಳಿ. ಪಂಚ್‌ಗೆ ಮುಂಚೆ ಜನ ನಗುತ್ತಾರೆ ಅಂದರೆ ನೀವು ಮುಂದೆ ಏನು ಮಾಡುತ್ತೀರಿ ಅಂತ ಅವರಿಗೆ ಗೊತ್ತಾಗಿದೆ, ಅಂದರೆ ಪಾತ್ರ ಹುಟ್ಟಿದೆ.

ಆಮೇಲೆ ಐದು ನಿಮಿಷದ ಒಂದು ಸೆಟ್ ಗಟ್ಟಿ ಮಾಡಿಕೊಳ್ಳಿ. ಒಂದು ಗಂಟೆ ಮಾಡೋ ಶಕ್ತಿ ಬೇಕು ನಿಜ, ಆದರೆ ಟಿವಿಯಲ್ಲಿ ಮೊದಲ ಸಲ ನಿಲ್ಲಿಸೋದು ಸುಮಾರು ಅಷ್ಟೇ ಹೊತ್ತು, ಪಾತ್ರಕ್ಕೆ ನಟರನ್ನು ಆರಿಸೋ ಕಾಸ್ಟಿಂಗ್‌ನವರು ತಾಳ್ಮೆಯಿಂದ ನೋಡೋದು ಅದಕ್ಕಿಂತಲೂ ಕಮ್ಮಿ. ಮೊದಲ ಮೂವತ್ತು ಸೆಕೆಂಡ್‌ನಲ್ಲಿ ನೀವು ಯಾರು ಅಂತ ಗೊತ್ತಾಗಬೇಕು. ನಗೆ ಬರಿಸುವ ಪದ ವಾಕ್ಯದ ಕೊನೆಗೆ ಬರಲಿ, ಅದರ ನಂತರ ಇನ್ನೂ ಎರಡು ಪದ ಉಳಿದಿದ್ದರೆ ನಗೆ ಅದರ ಮೇಲೇ ಎಡವುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರೋದರಿಂದ ಇದು ಸ್ವಲ್ಪ ಕಷ್ಟ. "ಅವನು ಕುಡಿದದ್ದು ಫಿನಾಯಿಲ್" ಅನ್ನೋದಕ್ಕೂ "ಅವನು ಫಿನಾಯಿಲ್ ಕುಡಿದಿದ್ದ" ಅನ್ನೋದಕ್ಕೂ ಇರೋ ವ್ಯತ್ಯಾಸ ಜೋರಾಗಿ ಹೇಳಿ ನೋಡಿ. ಮತ್ತೆ, ಟೈಮ್ ಮುಗೀತು ಅಂತ ಹಿಂದುಗಡೆ ಲೈಟ್ ತೋರಿಸಿದರೆ ಇಳಿದುಬಿಡಿ. ಟೈಮ್ ಮೀರೋರನ್ನು ಎರಡನೇ ಸಲ ಕರೆಯಲ್ಲ, ಎಷ್ಟೇ ನಗಿಸಿದ್ದರೂ.

ಈಗ ನಿಜವಾದ ತೊಂದರೆ. ಸ್ಟ್ಯಾಂಡ್-ಅಪ್ ಕಲಿಸಿದ್ದನ್ನೇ ಕ್ಯಾಮೆರಾ ಮುಂದೆ ಮರೆಯಬೇಕಾಗುತ್ತದೆ.

ನನ್ನ ಮೊದಲ ಆಡಿಷನ್ನಲ್ಲಿ ಬ್ಯಾಂಕ್ ಗುಮಾಸ್ತನ ಪಾತ್ರ, ಎರಡೇ ಸಾಲು. "ಇಲ್ಲಿ ಸಹಿ ಇಲ್ಲವಲ್ಲ. ಇನ್ನೊಂದು ಫಾರ್ಮ್ ತಗೊಂಡು ಬನ್ನಿ." ನಾನು ಮೊದಲ ಸಾಲನ್ನು ಇನ್ನೂರು ಜನರ ಹಾಲ್‌ಗೆ ಕೇಳೋ ಹಾಗೆ ಹೇಳಿ, ಹುಬ್ಬು ಏರಿಸಿ, ಅಭ್ಯಾಸಬಲದಿಂದ ನಗೆಗೆ ಅಂತ ನಿಂತೆ. ಕೋಣೆಯಲ್ಲಿ ಇದ್ದದ್ದು ಮೂರು ಜನ. ಒಬ್ಬರು ಕ್ಯಾಮೆರಾ ನೋಡುತ್ತಿದ್ದರು, ಒಬ್ಬರು ಫೋನ್ ನೋಡುತ್ತಿದ್ದರು, ಫ್ಯಾನ್ ಸದ್ದು ಮಾತ್ರ. ಮೂರನೆಯವರು ಬಹಳ ಮರ್ಯಾದೆಯಿಂದ ಕೇಳಿದರು, "ಸರ್, ಮುಂದಿನ ಲೈನ್ ಮರೆತುಹೋಯ್ತಾ?"

ಅವತ್ತು ಗೊತ್ತಾಯಿತು. ವೇದಿಕೆ ಮೇಲೆ ಜನರ ನಗೆಯೇ ನಿಮ್ಮ ತಾಳ. ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಅಂತ ಅದೇ ಹೇಳುತ್ತದೆ. ಶೂಟಿಂಗ್‌ನಲ್ಲಿ ಯಾರೂ ನಗಲ್ಲ, ನಕ್ಕರೆ ಸೌಂಡ್ ರೆಕಾರ್ಡಿಸ್ಟ್ ಬೈಯುತ್ತಾರೆ. ಅಲ್ಲಿ ತಾಳ ಎದುರಿಗಿರೋ ನಟನಿಂದ ಬರಬೇಕು. ಅದಕ್ಕೆ ಮಾಡಬೇಕಾದ ಅಭ್ಯಾಸ ಬೋರಿಂಗ್, ಆದರೆ ಕೆಲಸ ಮಾಡುತ್ತದೆ. ಒಂದು ದೃಶ್ಯ ತಗೊಳ್ಳಿ, ನಿಮ್ಮ ಸಾಲುಗಳಲ್ಲಿ ಒಂದೂ ತಮಾಷೆ ಇರಬಾರದು, ಗೆಳೆಯನ ಮಾತು ಕೇಳಿಸಿಕೊಳ್ಳುತ್ತಿರುವಾಗ ನಿಮ್ಮ ಮುಖವನ್ನು ಮಾತ್ರ ಶೂಟ್ ಮಾಡಿಸಿ. ನೋಡಿದರೆ ಗೊತ್ತಾಗುತ್ತದೆ, ನಮ್ಮಂಥವರು ಕೇಳಿಸಿಕೊಳ್ಳೋದೇ ಇಲ್ಲ, ನಮ್ಮ ಸರದಿಗೆ ಕಾಯುತ್ತಾ ಇರುತ್ತೇವೆ. ಸಾಧ್ಯವಾದರೆ ಒಂದೆರಡು ನಾಟಕ ಮಾಡಿ. ಒಂದೇ ಮಾತನ್ನು ಹತ್ತು ಟೇಕ್‌ನಲ್ಲಿ ಹತ್ತನೇ ಸಲವೂ ಹೊಸದಾಗಿ ಹೇಳೋದು, ಲೋಟ ಯಾವ ಪದದ ಮೇಲೆ ಎತ್ತಿದಿರೋ ಪ್ರತಿ ಟೇಕ್‌ನಲ್ಲೂ ಅದೇ ಪದದ ಮೇಲೆ ಎತ್ತೋದು, ಇದನ್ನೆಲ್ಲ ಯಾವ ಓಪನ್ ಮೈಕೂ ಕಲಿಸಲ್ಲ.

ಈಗ ಆಡಿಷನ್ ಜಾಸ್ತಿ ಮನೆಯಿಂದಲೇ ವಿಡಿಯೊ ಮಾಡಿ ಕಳಿಸೋದು. ಫೋನ್ ಅಡ್ಡ ಹಿಡಿಯಿರಿ, ಕಣ್ಣಿನ ಮಟ್ಟಕ್ಕೆ ಇಡಿ, ಹಿಂದೆ ಖಾಲಿ ಗೋಡೆ, ಬೆಳಕು ಮುಖದ ಮೇಲೆ. ಎದುರು ಪಾತ್ರದ ಮಾತು ಓದೋರು ಫೋನ್ ಪಕ್ಕದಲ್ಲೇ ನಿಲ್ಲಲಿ, ನೀವು ಅವರನ್ನು ನೋಡಿ ಮಾತಾಡಿ, ಲೆನ್ಸನ್ನಲ್ಲ. ಓದೋರ ದನಿ ನಿಮ್ಮದಕ್ಕಿಂತ ಜೋರಾಗದಿರಲಿ. ಜೊತೆಗೆ ನಿಮ್ಮ ಸ್ಟ್ಯಾಂಡ್-ಅಪ್ ಕ್ಲಿಪ್ ಕಳಿಸೋದಾದರೆ ಎರಡು ನಿಮಿಷ ಸಾಕು, ಅದರಲ್ಲಿ ಪ್ರೇಕ್ಷಕರನ್ನು ಮಾತಾಡಿಸಿ ಕಾಲೆಳೆಯೋ ಭಾಗ ಬೇಡ. ಅದು ರೀಲ್ಸ್‌ಗೆ ಚೆನ್ನ, ಜನರೂ ಹೆಚ್ಚುತ್ತಾರೆ, ಆದರೆ ನೀವು ಬರೆದುಕೊಟ್ಟ ಮಾತನ್ನು ಹೇಳಬಲ್ಲಿರಾ ಅನ್ನೋದು ಅದರಿಂದ ಗೊತ್ತಾಗಲ್ಲ.

ಹೇಳಿದ್ದಕ್ಕೆಲ್ಲ ಅಪವಾದವೂ ಇದೆ ಬಿಡಿ. 1978ರಲ್ಲಿ 'ಹ್ಯಾಪಿ ಡೇಸ್' ಸರಣಿಗೆ ಅನ್ಯಗ್ರಹದವನ ಪಾತ್ರಕ್ಕೆ ಬಂದ ರಾಬಿನ್ ವಿಲಿಯಮ್ಸ್‌ಗೆ ಕೂತುಕೊಳ್ಳಿ ಅಂದರೆ ಕುರ್ಚಿ ಮೇಲೆ ತಲೆ ಊರಿ ಕೂತರು, ಪಾತ್ರ ಸಿಕ್ಕಿತು. ನೀವೂ ಮಾಡಬಹುದು, ಆದರೆ ಗುಮಾಸ್ತನ ಪಾತ್ರಕ್ಕೆ ಬೇಡ.

ಯಾರೂ ಕರೆಯದಿದ್ದರೆ ನಿಮಗೆ ನೀವೇ ಬರೆದುಕೊಳ್ಳಿ. ನಿಮ್ಮ ಥರದ ಮುಖ, ನಿಮ್ಮ ಥರದ ಭಾಷೆ ಇರೋರಿಗೆ ಪಾತ್ರವೇ ಬರೆಯಲ್ಲ ಅನ್ನೋ ಪರಿಸ್ಥಿತಿಯಲ್ಲಂತೂ ಇದೊಂದೇ ದಾರಿ. ಕಪ್ಪು ನಟಿ ವೂಪಿ ಗೋಲ್ಡ್‌ಬರ್ಗ್ ಒಬ್ಬರೇ ಹಲವು ಪಾತ್ರ ಮಾಡುವ ರಂಗಪ್ರಯೋಗ ಕಟ್ಟಿಕೊಂಡು 1984ರಲ್ಲಿ ನ್ಯೂಯಾರ್ಕ್‌ನ ದೊಡ್ಡ ರಂಗಮಂದಿರಗಳಿರೋ ಬ್ರಾಡ್‌ವೇ ತಲುಪಿದರು, ಮರುವರ್ಷ 'ದ ಕಲರ್ ಪರ್ಪಲ್' ಚಿತ್ರದ ನಾಯಕಿ. ಏಷ್ಯನ್ ಮೂಲದ ಕಾಮಿಡಿಯನ್ ಆಲಿ ವಾಂಗ್ ಏಳು ತಿಂಗಳ ಗರ್ಭಿಣಿಯಾಗಿ 2016ರ ಸ್ಟ್ಯಾಂಡ್-ಅಪ್ ಶೋ 'ಬೇಬಿ ಕೋಬ್ರಾ' ಮಾಡಿದರು, 2019ರಲ್ಲಿ ತಾವೂ ಸೇರಿ ಬರೆದ ಸಿನಿಮಾದಲ್ಲಿ ನಾಯಕಿಯಾದರು. ನೀವು ಅಷ್ಟು ದೊಡ್ಡದು ಮಾಡಬೇಕಿಲ್ಲ. ಹತ್ತು ನಿಮಿಷದ ಕಿರುಚಿತ್ರ, ಎರಡು ಪಾತ್ರ, ಒಂದು ಕೋಣೆ. ವೇದಿಕೆ ಮೇಲೆ ಹೇಳೋ ಯಾವ ಜೋಕಿನಲ್ಲಿ ಅತ್ತೆಯೋ ಬಾಸೋ ಬರುತ್ತಾರೋ ಅದನ್ನು ಎತ್ತಿಕೊಳ್ಳಿ, "ಅವರು ಹೀಗಂದರು" ಅನ್ನೋ ಜಾಗದಲ್ಲಿ ಅವರನ್ನೇ ಕರೆತಂದು ಮಾತಾಡಿಸಿ. ಅರ್ಧ ಜೋಕ್ ಸತ್ತುಹೋಗುತ್ತದೆ, ಉಳಿದರ್ಧ ದೃಶ್ಯವಾಗುತ್ತದೆ.

ಕರಾರು ಬಂದರೆ ಸಂತೋಷಕ್ಕೆ ಓದದೆ ಸಹಿ ಹಾಕಬೇಡಿ. ನಾನು ಹಾಕಿದ್ದೆ, ನನ್ನದೇ ಹದಿನೈದು ನಿಮಿಷದ ವಿಡಿಯೊ ಈಗ ನಾನು ನನ್ನ ಪೇಜ್‌ನಲ್ಲಿ ಹಾಕೋ ಹಾಗಿಲ್ಲ. ರೆಕಾರ್ಡಿಂಗ್ ಯಾರದು, ಎಷ್ಟು ವರ್ಷಕ್ಕೆ, ಆ ಅವಧಿಯಲ್ಲಿ ಬೇರೆ ಚಾನೆಲ್‌ಗೆ ಹೋಗಬಹುದಾ, ಆ ಜೋಕುಗಳನ್ನು ವೇದಿಕೆ ಮೇಲೆ ಹೇಳಬಹುದಾ, ಈ ನಾಲ್ಕು ಕೇಳಿ. ಒಬ್ಬ ವಕೀಲರಿಗೆ ತೋರಿಸಿದರೆ ಇನ್ನೂ ಒಳ್ಳೆಯದು.

ಮೊದಲು ಸಿಗೋದು ಬಹುಶಃ ಹೀರೊ ಗೆಳೆಯನ ಪಾತ್ರ. ಒಂದೆರಡು ಮಾಡಿ, ಶೂಟಿಂಗ್ ಸೆಟ್ ಹೇಗೆ ನಡೆಯುತ್ತೆ ಅಂತ ನೋಡೋಕೆ ಸಿಗುತ್ತದೆ. ನಾಲ್ಕನೇ ಸಲವೂ ಅದೇ ಬಿದ್ದು ಏಳೋ ಪಾತ್ರ ಬಂದರೆ ಬೇಡ ಅನ್ನೋ ಧೈರ್ಯ ಬೇಕು, ಆ ಧೈರ್ಯ ಬರೋದು ಕೈಯಲ್ಲಿ ಶೋಗಳಿದ್ದಾಗ. ತೆಗೆದುಹಾಕಿದರೂ ಅಷ್ಟೇ. ಸೈನ್‌ಫೆಲ್ಡ್ ತಮ್ಮ ಸರಣಿ ಶುರುವಾಗೋ ಎಷ್ಟೋ ವರ್ಷ ಮುಂಚೆ 'ಬೆನ್ಸನ್' ಅನ್ನೋ ಟಿವಿ ಸರಣಿಯಲ್ಲಿ ಚಿಕ್ಕ ಪಾತ್ರ ಮಾಡುತ್ತಿದ್ದರು. ಒಂದು ದಿನ ರೀಡಿಂಗ್‌ಗೆ ಹೋದರೆ ಅವರಿಗೆ ಮಾತ್ರ ಸ್ಕ್ರಿಪ್ಟ್ ಇಲ್ಲ, ಕೆಲಸ ಹೋಗಿದೆ ಅಂತ ಗೊತ್ತಾಗಿದ್ದು ಹಾಗೆ. ಅವರು ಕ್ಲಬ್‌ಗಳಿಗೆ ವಾಪಸ್ ಹೋದರು, 1981ರಲ್ಲಿ ಟಿವಿಯಲ್ಲಿ ಆಗ ತುಂಬಾ ದೊಡ್ಡದಾಗಿದ್ದ ಜಾನಿ ಕಾರ್ಸನ್ ಶೋದಲ್ಲಿ ನಿಂತರು.

ಹಾಗಾಗಿ ಶೂಟಿಂಗ್ ಇರೋ ವಾರದಲ್ಲೂ ಒಂದು ಓಪನ್ ಮೈಕ್ ಬಿಡಬೇಡಿ. ಹೋದಾಗ ಶೂಟಿಂಗ್ ಕಥೆ ಮಾತ್ರ ಹೇಳಬೇಡಿ. ಕ್ಯಾರವಾನ್‌ನಲ್ಲಿ ಎಸಿ ಕೆಲಸ ಮಾಡಲಿಲ್ಲ ಅನ್ನೋ ಜೋಕನ್ನು ನಾನು ಒಂದು ಸಲ ಹೇಳಿದೆ. ಮುಂದಿನ ಸಾಲಿನಲ್ಲಿದ್ದ ಹುಡುಗಿ ಚಿಪ್ಸ್ ತಿನ್ನೋದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು, ಆಮೇಲೆ ಮತ್ತೆ ತಿನ್ನೋಕೆ ಶುರು ಮಾಡಿದಳು.