‘ನೇಸರ’ ಹೆಸರಿನ ಬೇರು ಹುಡುಕಿದ ಬಗೆ: ನನ್ನ ಅನುಭವ

ಅನುರಾಧಾ ನಕ್ಷತ್ರದ ನಾಲ್ಕು ಪಾದಗಳಿಗೆ ನಾ, ನೀ, ನೂ, ನೇ ಎಂಬ ಅಕ್ಷರಗಳು. ನಾಲ್ಕನೆಯ ಪಾದದಲ್ಲಿ ಮಗು ಹುಟ್ಟಿದರೆ ಹೆಸರು ಹುಡುಕುವುದು ಸ್ವಲ್ಪ ಕಷ್ಟವೇ. ನೇಹಾ, ನೇತ್ರಾ, ನೇಮಿನಾಥ ಇಷ್ಟಕ್ಕೇ ಪಟ್ಟಿ ಬಹುಪಾಲು ಮುಗಿಯುತ್ತದೆ. ಆಮೇಲೆ ಯಾರಾದರೂ ‘ನೇಸರ’ ಅನ್ನುತ್ತಾರೆ. ಕೇಳಲು ಹಿತ, ಕರೆಯಲು ಸುಲಭ. ಆದರೆ ಅರ್ಥ ಏನು, ಎಲ್ಲಿಂದ ಬಂತು, ಎಷ್ಟು ಜನ ಇಟ್ಟುಕೊಂಡಿದ್ದಾರೆ ಎಂದು ಕೇಳಿದರೆ ಮೊಬೈಲಿನಲ್ಲಿ ಸಿಗುವ ಉತ್ತರಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಈ ಮೂರು ಪ್ರಶ್ನೆಗಳನ್ನು ನಾನು ಬಿಡಿಸಿಕೊಂಡ ಕ್ರಮ ಇದು. ಬೇರೆ ಹೆಸರಿಗೂ ಇದೇ ದಾರಿ ನಡೆಯುತ್ತದೆ.

ಅರ್ಥಕ್ಕೆ ಹೆಸರಿನ ಪಟ್ಟಿಗಳನ್ನು ನೋಡಬಾರದು, ನಿಘಂಟು ನೋಡಬೇಕು. ಪಟ್ಟಿಗಳು ಒಂದನ್ನೊಂದು ನಕಲು ಮಾಡಿಕೊಂಡು ಬೆಳೆದವು. ಒಂದರಲ್ಲಿ ತಪ್ಪಿದರೆ ಹತ್ತರಲ್ಲಿ ತಪ್ಪಿರುತ್ತದೆ, ಹತ್ತು ಕಡೆ ಇದೆ ಎಂಬುದು ಸಾಕ್ಷಿಯಾಗುವುದಿಲ್ಲ. ನಾನು ತೆರೆದದ್ದು ಎರಡನ್ನು: 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಹಾಕಿದ ಕಿಟ್ಟೆಲ್ ನಿಘಂಟು ಮತ್ತು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು. ಪದದ ಅರ್ಥ ಸೂರ್ಯ. ಬೆಳಗು, ಹೊಂಬಿಸಿಲು, ಕಿರಣ ಇವೆಲ್ಲ ಆಮೇಲೆ ಅಂಟಿಸಿದ ಚಂದದ ಮಾತುಗಳು.

ನಿಘಂಟಿನಲ್ಲಿ ಹುಡುಕುವಾಗ ಒಂದು ತೊಡಕಿದೆ. ಹಳೆಯ ರೂಪ ‘ನೇಸಱ್’, ‘ನೇಸಱು’. ಕೊನೆಯಲ್ಲಿರುವುದು ಶಕಟರೇಫ, ಅಂದರೆ ಹಳಗನ್ನಡದ ಗಡಸು ಱ. ಈಗಿನ ರಕಾರ ಬರೆದು ಹುಡುಕಿದರೆ ಹಳೆಯ ಪಠ್ಯಗಳಲ್ಲಿ ಪದವೇ ಇಲ್ಲ ಎನ್ನಿಸಬಹುದು. ಹಾಗಾಗಿ ನೇಸಱ್, ನೇಸಱು, ನೇಸರ್, ನೇಸರು, ನೇಸರ ಐದನ್ನೂ ಬೇರೆಬೇರೆಯಾಗಿ ಹುಡುಕಬೇಕು. ಕಂಪ್ಯೂಟರಿನಲ್ಲಾದರೆ ಇನ್ನೊಂದು ಕಾಟ: ‘ನೇ’ ಎಂಬುದನ್ನು ಒಂದೇ ಸ್ವರಚಿಹ್ನೆಯಾಗಿಯೂ ಉಳಿಸಬಹುದು, ಎತ್ವ ಮತ್ತು ದೀರ್ಘ ಎಂದು ಎರಡು ತುಂಡಾಗಿಯೂ ಉಳಿಸಬಹುದು. ಕಣ್ಣಿಗೆ ಎರಡೂ ಒಂದೇ, ಯಂತ್ರಕ್ಕೆ ಅಲ್ಲ. ಸ್ಕ್ಯಾನ್ ಮಾಡಿದ ಪುಸ್ತಕದಿಂದ ತೆಗೆದ ಪಠ್ಯದಲ್ಲಿ ದೀರ್ಘ ಬಿದ್ದುಹೋಗಿ ‘ನೆಸರ’ ಆಗಿರುವುದೂ ಉಂಟು. ಅದನ್ನೂ ಸೇರಿಸಿದರೆ ಆರು ಹುಡುಕಾಟ.

ಸಿಕ್ಕಿದ ಕಡೆಯೆಲ್ಲ ‘ನೇಸರ’ ಹೆಸರೇ ಎಂದು ತಿಳಿಯಬಾರದು. ‘ನೇಸರ ಬೆಳಕು’ ಎಂದರೆ ಸೂರ್ಯನ ಬೆಳಕು. ಅಲ್ಲಿ ಅದು ನೇಸರ್ ಎಂಬುದರ ಷಷ್ಠೀ ರೂಪ. ವ್ಯಕ್ತಿಯ ಹೆಸರಾದ ನೇಸರ ಆಮೇಲಿನದು, ಚಂದಿರ ಎಂಬುದರ ಜೊತೆಗೆ ನಿಲ್ಲುವಂಥ ರೂಪ.

ಮೂಲದ ಪ್ರಶ್ನೆಯೇ ಇದರಲ್ಲಿ ರುಚಿಯಾದ ಭಾಗ. ‘ನೇಸರ ಎಂದರೆ ನಿಸರ್ಗ’ ಎಂದು ಬರೆದ ಪಟ್ಟಿಗಳಿವೆ. ಕಿವಿಗೆ ಹತ್ತಿರ ಅನ್ನಿಸಿದ್ದನ್ನು ಜೋಡಿಸಿದ್ದು, ಅಷ್ಟೇ. ನಿಸರ್ಗ ಸಂಸ್ಕೃತದ ಪದ, ‘ನಿ’ ಉಪಸರ್ಗದ ಮೇಲೆ ಸೃಜ್ ಧಾತು. ಅದು ನೇಸರ ಆಗಬೇಕಾದರೆ ಕೊನೆಯ ಗಕಾರ ಬಿದ್ದುಹೋಗಬೇಕು, ‘ನಿ’ ದೀರ್ಘವಾದ ‘ನೇ’ ಆಗಬೇಕು, ರಕಾರ ಶಕಟರೇಫವಾಗಬೇಕು. ಮೂರಕ್ಕೂ ಆಧಾರವಿಲ್ಲ.

ನೇಸರಕ್ಕೆ ನಿಜವಾದ ನೆಂಟರು ಇರುವುದು ತಮಿಳು, ಮಲಯಾಳಗಳಲ್ಲಿ. ತಮಿಳಿನಲ್ಲಿ ಸೂರ್ಯನಿಗೆ ‘ಞಾಯಿಱು’. ಅಲ್ಲಿ ಭಾನುವಾರಕ್ಕೂ ಅದೇ ಪದ. ಮಲಯಾಳದ ‘ಞಾಯರ್’ ಕೂಡ ಭಾನುವಾರವೇ. ಞಾಯಿಱು ಎಲ್ಲಿ, ನೇಸರು ಎಲ್ಲಿ ಎಂದು ಮೊದಲು ಅನುಮಾನ ಬರುವುದು ಸಹಜ. ಆದ್ದರಿಂದ ಒಂದೇ ಜೋಡಿ ನೋಡಿ ಒಪ್ಪಬಾರದು, ಸಾಲು ಹಾಕಿ ನೋಡಬೇಕು.

ಮೊದಲ ಸಾಲು, ತಮಿಳಿನ ಯಕಾರ ಮತ್ತು ಕನ್ನಡದ ಸಕಾರದ್ದು. ತಮಿಳಿನ ಉಯಿರ್, ಕನ್ನಡದ ಉಸಿರ್. ತಮಿಳಿನ ಪೆಯರ್, ಹಳಗನ್ನಡದ ಪೆಸರ್, ಅಂದರೆ ನಮ್ಮ ‘ಹೆಸರು’. ತಮಿಳಿನ ಪಯಱು, ಹಳಗನ್ನಡದ ಪೆಸಱು, ಅಂದರೆ ಹೆಸರುಕಾಳು. ಮೂಲ ದ್ರಾವಿಡದ ಚಕಾರ ಪದದ ನಡುವೆ ಬಂದಾಗ ಕನ್ನಡದಲ್ಲಿ ಸಕಾರವಾಯಿತು, ತಮಿಳಿನಲ್ಲಿ ಯಕಾರವಾಗಿ ಸವೆಯಿತು. (ಹೆಸರು, ಹೆಸರುಕಾಳು ಎರಡಕ್ಕೂ ನಾವು ಈಗ ಒಂದೇ ರಕಾರ ಬರೆಯುತ್ತೇವೆ, ಹಳಗನ್ನಡದಲ್ಲಿ ಕಾಳಿಗೆ ಮಾತ್ರ ಶಕಟರೇಫ. ತಮಿಳು ಆ ವ್ಯತ್ಯಾಸವನ್ನು ಇವತ್ತಿಗೂ ಬರಹದಲ್ಲಿ ಉಳಿಸಿಕೊಂಡಿದೆ.)

ಎರಡನೆಯ ಸಾಲು ಮೊದಲಕ್ಷರದ್ದು. ತಮಿಳಿನ ‘ಞಾ’ ಇರುವಲ್ಲಿ ಕನ್ನಡದಲ್ಲಿ ‘ನೇ’. ತಮಿಳಿನ ಞಾಣ್, ನಮ್ಮ ನೇಣು. ತಮಿಳಿನ ಞಾಲ್ ಎಂದರೆ ತೂಗು, ನಮ್ಮಲ್ಲಿ ನೇಲು. ತಮಿಳಿನ ಞಾಞ್ಚಿಲ್, ನಮ್ಮ ನೇಗಿಲು. ಈ ಎರಡು ಸಾಲುಗಳನ್ನೂ ಸೇರಿಸಿ ಞಾಯಿಱು ಪದದ ಮೇಲೆ ಇಟ್ಟರೆ ‘ಞಾ’ ಜಾಗದಲ್ಲಿ ‘ನೇ’, ಯಕಾರದ ಜಾಗದಲ್ಲಿ ಸಕಾರ, ಕೊನೆಯಲ್ಲಿ ಎರಡೂ ಕಡೆ ಅದೇ ಱ. ನೇಸಱು ತಾನಾಗಿ ಬಂದು ಕೂರುತ್ತದೆ. ಬರೋ ಮತ್ತು ಎಮೆನೋ ಅವರ ದ್ರಾವಿಡ ಜ್ಞಾತಿಪದ ನಿಘಂಟಿನಲ್ಲೂ (ಪರಿಷ್ಕೃತ ಆವೃತ್ತಿ 1984) ಈ ಪದಗಳು ಒಂದೇ ನಮೂದಿನಡಿ ಇವೆ. ಹೀಗಾಗಿ ‘ಸಂಸ್ಕೃತ ಮೂಲ’ ಎಂದು ಬರೆದ ಪಟ್ಟಿಯನ್ನು ಅಲ್ಲಿಗೇ ಮುಚ್ಚಬಹುದು.

ಅರಬ್ಬಿ ಮೂಲದ ‘ನಿಸಾರ್’ ಬೇರೆಯೇ ಹೆಸರು. ಅದರ ಅರ್ಥ ಎರಚುವುದು, ಅರ್ಪಿಸುವುದು. ಇಂಗ್ಲಿಷ್ ಅಕ್ಷರಗಳಲ್ಲಿ ಅದನ್ನು ಕೆಲವರು ‘ಎನ್ ಇ’ ಹಾಕಿ ಬರೆಯುವುದರಿಂದ ಎರಡೂ ಒಂದೇ ರಾಶಿಗೆ ಬೀಳುತ್ತವೆ. ಊರುಗಳ ವಿಷಯದಲ್ಲೂ ಇದೇ ಎಚ್ಚರಿಕೆ. ಬೈಲಹೊಂಗಲ ತಾಲ್ಲೂಕಿನಲ್ಲಿ ನೇಸರಗಿ ಇದೆ, ಕೊಲ್ಹಾಪುರ ಜಿಲ್ಲೆಯಲ್ಲಿ 1674ರ ಕಾಳಗಕ್ಕೆ ಹೆಸರಾದ ನೇಸರಿ ಇದೆ. ಸದ್ದು ಹೊಂದುತ್ತದೆ ಎಂಬ ಒಂದೇ ಕಾರಣಕ್ಕೆ ಇವನ್ನು ಸೂರ್ಯನಿಗೆ ಗಂಟು ಹಾಕಲು ಬರುವುದಿಲ್ಲ. ಶಾಸನದಲ್ಲಿ ಊರಿನ ಹಳೆಯ ರೂಪ ಏನಿದೆ ಎಂದು ನೋಡಿಯೇ ಹೇಳಬೇಕು.

ಈಗ ಜನಪ್ರಿಯತೆ. ಇಲ್ಲಿಯೇ ಹೆಚ್ಚು ಜನ ಎಡವುವುದು.

ಹುಡುಕುತಾಣದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ನೇಸರ ಎಂದು ಬರೆದು ಎಷ್ಟು ಫಲಿತಾಂಶ ಬಂತು ಎಂದು ಎಣಿಸುವುದು ಶುದ್ಧ ವ್ಯರ್ಥ. ಅದೇ ಆರು ಅಕ್ಷರಗಳು ಅಮೆರಿಕದಲ್ಲಿ ಒಂದು ಸಂಕ್ಷೇಪ. 1990ರ ದಶಕದಲ್ಲಿ ಹಾರ್ವಿ ಬರ್ನಾರ್ಡ್ ಎಂಬುವರು ಮುಂದಿಟ್ಟ, ಎಂದೂ ಕಾನೂನಾಗದ ಆರ್ಥಿಕ ಸುಧಾರಣೆಯ ಪ್ರಸ್ತಾವ ಅದು. ಅದು ಗುಟ್ಟಾಗಿ ಕಾನೂನಾಗಿದೆ, ಎಲ್ಲರ ಸಾಲ ಮನ್ನಾ ಆಗಲಿದೆ ಎಂಬ ಗಾಳಿಮಾತು ಇವತ್ತಿಗೂ ಓಡಾಡುತ್ತಿದೆ. ಕನ್ನಡ ಲಿಪಿಯಲ್ಲೇ ಹುಡುಕಿದರೂ ಮನೆಯ ಹೆಸರು, ಅಂಗಡಿ, ಕಲಾತಂಡ, ಕವಿತೆಯ ಸಾಲು ಎಲ್ಲ ಒಟ್ಟಿಗೆ ಬರುತ್ತವೆ. ಮಕ್ಕಳು ಎಷ್ಟು ಎಂಬುದು ಅದರಿಂದ ತಿಳಿಯದು.

ಅಮೆರಿಕದ ಸೋಷಿಯಲ್ ಸೆಕ್ಯುರಿಟಿ ಇಲಾಖೆ ಪ್ರತಿವರ್ಷ ಮಕ್ಕಳ ಹೆಸರಿನ ಎಣಿಕೆ ಪ್ರಕಟಿಸುತ್ತದೆ. ವಿದೇಶದ ಕನ್ನಡಿಗರು ನೋಡುವುದು ಇದನ್ನೇ. ಆದರೆ ಒಂದು ವರ್ಷದಲ್ಲಿ 5ಕ್ಕಿಂತ ಕಡಿಮೆ ಇರುವ ಹೆಸರು ಪಟ್ಟಿಗೆ ಬರುವುದಿಲ್ಲ. ಗಂಡು, ಹೆಣ್ಣು ಬೇರೆಬೇರೆ ಎಣಿಕೆ, ಕಾಗುಣಿತವೂ ಬೇರೆಬೇರೆ. ಒಂದೇ ವರ್ಷ ನಾಲ್ಕು ಗಂಡು, ನಾಲ್ಕು ಹೆಣ್ಣು ನೇಸರರು ಹುಟ್ಟಿದರೂ ಪಟ್ಟಿಯಲ್ಲಿ ಶೂನ್ಯ. ಇಂಗ್ಲೆಂಡ್ ಮತ್ತು ವೇಲ್ಸಿನ ಪಟ್ಟಿಯಲ್ಲಿ ಈ ಮಿತಿ 3. ‘ಪಟ್ಟಿಯಲ್ಲಿಲ್ಲ’ ಎಂಬುದನ್ನು ‘ಯಾರೂ ಇಟ್ಟಿಲ್ಲ’ ಎಂದು ಓದಬಾರದು.

ನಮ್ಮಲ್ಲಿ ಅಂಥ ಪಟ್ಟಿ ಇಲ್ಲ. ಜನನ ನೋಂದಣಿಯಾಗುತ್ತದೆ, ಹೆಸರುಗಳ ಎಣಿಕೆ ಹೊರಬರುವುದಿಲ್ಲ. ಸಾರ್ವಜನಿಕವಾಗಿ ಸಿಗುವುದು ಕನ್ನಡದಲ್ಲಿ ಅಚ್ಚಾಗುವ ಮತದಾರರ ಪಟ್ಟಿ. ಅದರಲ್ಲಿರುವವರು 18 ದಾಟಿದವರು, ಹಾಗಾಗಿ ಅದು ತೋರಿಸುವುದು ಎರಡು ದಶಕದ ಹಿಂದಿನ ರೂಢಿ. ಬಳಸುವುದಾದರೆ 18ರಿಂದ 30ರೊಳಗಿನವರನ್ನು ಮಾತ್ರ ಎಣಿಸಿ. ಒಂದು ಮತಗಟ್ಟೆಯ ಪಟ್ಟಿಯಲ್ಲಿ ಸಾವಿರದ ಆಸುಪಾಸು ಹೆಸರಿದ್ದರೆ ಈ ವಯಸ್ಸಿನವರು ಇನ್ನೂರು ಮುನ್ನೂರು ಸಿಗಬಹುದು. ಮೂರು ಸಾವಿರ ಆಗಬೇಕಾದರೆ ಹತ್ತು ಹದಿನೈದು ಮತಗಟ್ಟೆ ಬೇಕು, ಅದೂ ಬೇರೆಬೇರೆ ಜಿಲ್ಲೆಗಳಿಂದ. ಒಂದೇ ಬಡಾವಣೆಯ ಹತ್ತು ಮತಗಟ್ಟೆ ತೆಗೆದುಕೊಂಡರೆ ಲೆಕ್ಕ ಹಾಳು. ನೇಸರಗಿ ಎಂದು ಅಡ್ಡಹೆಸರಿರುವವರನ್ನು ಕಳೆಯಬೇಕು. ಎಣಿಕೆ ಮಾತ್ರ ಬರೆದುಕೊಳ್ಳಿ, ಯಾರ ವಿವರವನ್ನೂ ಎತ್ತಿಡಬೇಡಿ.

ಮೂರು ಸಾವಿರದಲ್ಲಿ ಒಬ್ಬರೂ ಸಿಗದಿದ್ದರೆ ಏನು ಹೇಳಬಹುದು? ಸಂಖ್ಯಾಶಾಸ್ತ್ರದಲ್ಲಿ ‘ಮೂರರ ನಿಯಮ’ ಎಂಬುದೊಂದಿದೆ: ನೋಡಿದ ಸಂಖ್ಯೆಯಿಂದ 3ನ್ನು ಭಾಗಿಸಿ. 3 ಭಾಗಿಸು 3,000, ಅಂದರೆ ಸಾವಿರಕ್ಕೆ ಒಂದು. ಹೆಸರು ಅದಕ್ಕಿಂತ ವಿರಳ ಎಂದು ಶೇ. 95ರಷ್ಟು ಭರವಸೆಯಿಂದ ಹೇಳಬಹುದು, ಅದಕ್ಕಿಂತ ಹೆಚ್ಚೇನೂ ಇಲ್ಲ. ವರ್ಷಕ್ಕೆ 10 ಲಕ್ಷ ಮಕ್ಕಳು ಎಂದು ಲೆಕ್ಕಕ್ಕೆ ಇಟ್ಟುಕೊಂಡರೆ ಸಾವಿರಕ್ಕೆ ಒಂದು ಎಂದರೂ ಸಾವಿರ ಮಕ್ಕಳಾಯಿತು. ಈ ಮಿತಿಯನ್ನು ವರ್ಷಕ್ಕೆ ನೂರಕ್ಕೆ ಇಳಿಸಬೇಕಾದರೆ ಮೂವತ್ತು ಸಾವಿರ ಹೆಸರು ನೋಡಬೇಕು. ‘ಜಗತ್ತಿನಲ್ಲಿ ಇಷ್ಟೇ ಜನ’ ಎಂದು ಖಚಿತವಾಗಿ ಅಂಕಿ ಕೊಡುವ ತಾಣಗಳನ್ನು ನಾನು ನಂಬದಿರಲು ಇದೇ ಕಾರಣ.

ಗಂಡೋ ಹೆಣ್ಣೋ ಎಂಬ ಪ್ರಶ್ನೆ ಬಂದೇ ಬರುತ್ತದೆ. ಬಸವ, ಮಯೂರ ಇವುಗಳ ದಾರಿಯಲ್ಲಿ ಅಕಾರಾಂತವಾದ ನೇಸರ ಕನ್ನಡದ ಕಿವಿಗೆ ಗಂಡುಹೆಸರು. ಇಂಗ್ಲಿಷಿನಲ್ಲಿ ಕೊನೆಗೆ ‘ಎ’ ಕಂಡ ಹೊರಗಿನವರು ‘ನೇಸರಾ’ ಎಂದು ಓದಿ ಹೆಣ್ಣು ಎಂದುಕೊಳ್ಳುತ್ತಾರೆ. ಹೆಣ್ಣುಮಗುವಿಗೆ ಇಡಲು ಅಡ್ಡಿಯಿಲ್ಲ, ಇಟ್ಟವರೂ ಇದ್ದಾರೆ. ಆದರೆ ವಿಭಕ್ತಿ ಹಚ್ಚಿ ನೋಡಿ ತೀರ್ಮಾನಿಸಿ. ‘ನೇಸರನಿಗೆ ಊಟ ಕೊಡು’ ಸಲೀಸು. ‘ನೇಸರಳಿಗೆ’ ಸ್ವಲ್ಪ ತಡವರಿಸುತ್ತದೆ. ಮನೆಯಲ್ಲಿ ಅದು ‘ನೇಸರಾಗೆ’ ಆಗುತ್ತದೆ. ‘ನೇಸರಾ, ಬಾರೋ’ ಎಂದು ಒಮ್ಮೆ, ‘ಬಾರೇ’ ಎಂದು ಒಮ್ಮೆ ಜೋರಾಗಿ ಕೂಗಿ ನೋಡುವುದೂ ಒಳ್ಳೆಯ ಪರೀಕ್ಷೆ.

ಕಾಗುಣಿತವನ್ನು ನೋಂದಣಿಗೆ ಮೊದಲೇ ಗಟ್ಟಿ ಮಾಡಿಕೊಳ್ಳಬೇಕು. ಇಂಗ್ಲಿಷಿನ ಒಂದೇ ‘ಇ’ ಅಕ್ಷರ ‘ನೆ’ಗೂ ‘ನೇ’ಗೂ ನಿಲ್ಲುತ್ತದೆ, ಯಂತ್ರ ಅದನ್ನು ತಿರುಗಿ ಕನ್ನಡಕ್ಕೆ ತಂದಾಗ ‘ನೆಸರ’ ಆಗಬಹುದು. ಎರಡು ‘ಇ’ ಹಾಕಿದರೆ ‘ನೀಸರ’. ಒಂದೇ ‘ಇ’ ಇಟ್ಟು, ಕನ್ನಡದ ಖಾನೆಯನ್ನು ಕೈಯಾರೆ ತಿದ್ದಿಸುವುದೇ ವಾಸಿ. ಹಿಂದಿಯವರು ‘ಕೇಸರ್’ ಎಂಬಂತೆ ‘ನೇಸರ್’ ಎನ್ನುತ್ತಾರೆ. ಅದು ಹಳಗನ್ನಡದ ರೂಪಕ್ಕೇ ಹತ್ತಿರವಾದ್ದರಿಂದ ಬೇಸರಪಡಬೇಕಿಲ್ಲ.

ಜನನವನ್ನು 21 ದಿನದೊಳಗೆ ವರದಿ ಮಾಡಬೇಕು, ಹೆಸರು ಆಗಲೇ ಬೇಕೆಂದಿಲ್ಲ. ಹೆಸರಿಲ್ಲದೆ ನೋಂದಾಯಿಸಿದ್ದರೆ 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಅಲ್ಲಿಂದ ಮುಂದೆ 15 ವರ್ಷದವರೆಗೆ ತಡ ಶುಲ್ಕ ಕಟ್ಟಿ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಶಾಲೆಯಿಂದ ಹಿಡಿದು ಆಧಾರ್‌ವರೆಗೆ ಜನನ ಪ್ರಮಾಣಪತ್ರವೇ ಜನ್ಮದಿನಾಂಕಕ್ಕೂ ಜನ್ಮಸ್ಥಳಕ್ಕೂ ಆಧಾರ. ಅದರಲ್ಲಿ ‘ನೆಸರ’ ಎಂದಾದರೆ ಮುಂದಿನ ದಾಖಲೆಗಳಲ್ಲೂ ಅದೇ ಉಳಿದುಬಿಡಬಹುದು. ಅಚ್ಚು ಹಾಕುವ ಮೊದಲು ಪರದೆಯ ಮೇಲೆ ತೋರಿಸಲು ಕೇಳಿ, ನಕಾರದ ಮುಂದೆ ದೀರ್ಘ ಇದೆಯೇ ಎಂದು ನೋಡಿ. ತಪ್ಪಿದ್ದರೆ ಅಲ್ಲೇ ನೋಂದಣಾಧಿಕಾರಿಗೆ ಬರವಣಿಗೆಯಲ್ಲಿ ಕೊಟ್ಟು ತಿದ್ದಿಸಿಕೊಳ್ಳಿ.